ಚೊಚ್ಚಲ ಮಗಳಿಗೊಂದು ಬೋಗುಣಿ

ನಾನೊಂದು ಬೋಗುಣಿ. ಬಾಯಿ ಎರಡೂವರೆ ಗೇಣು ಅಗಲ, ಮೈ ಬಿಳಿ, ಅಂಚಿಗೆ ನೀಲಿ ಗೆರೆ, ಒಳಗೆ ತಳದಲ್ಲಿ ಗರಿ ಬಿಚ್ಚಿ ನಿಂತ ಒಂದು ನವಿಲು. ಪಶ್ಚಿಮ ಆಫ್ರಿಕಾದಲ್ಲಿ ನೈಜೀರಿಯಾ ಎಂಬ ದೇಶವಿದೆ. ಅದರ ಉತ್ತರ ಭಾಗದ ದೊಡ್ಡ ಊರು ಕಾನೋ. ಆ ಊರಿನ ಅಂಚಿನಲ್ಲಿದ್ದ ಒಂದು ಕಾರ್ಖಾನೆಯಲ್ಲಿ ನನ್ನನ್ನು ಮಾಡಿದರು.

ಮೊದಲು ನಾನು ಬರೀ ತಗಡು. ಒಂದು ಯಂತ್ರ ನನ್ನನ್ನು ದುಂಡಗೆ ಕತ್ತರಿಸಿತು. ಇನ್ನೊಂದು ಒಂದೇ ಏಟಿಗೆ ಒತ್ತಿ ನನಗೊಂದು ಹೊಟ್ಟೆ ಕೊಟ್ಟಿತು. ಆಮೇಲೆ ಗಂಜಿಯಂಥ ಬಿಳಿ ನೀರಿನಲ್ಲಿ ಅದ್ದಿ ಕುಲುಮೆಗೆ ತಳ್ಳಿದರು. ಆ ನೀರಿನಲ್ಲಿ ಕಲಸಿದ್ದ ಗಾಜಿನ ಪುಡಿ ಕರಗಿ ನನಗೆ ಚರ್ಮವಾಯಿತು. ನವಿಲಿನ ಚಿತ್ರ ಅಂಟಿಸಿ ಮತ್ತೊಮ್ಮೆ ಸುಟ್ಟರು. ಎರಡು ಸಲ ಬೆಂಕಿ ನೋಡಿ ಬಂದ ಮೇಲೆ ನನಗೆ ಯಾವುದಕ್ಕೂ ಹೆಚ್ಚು ಹೆದರಿಕೆಯಿಲ್ಲ. ಬಿದ್ದರೆ ನನ್ನಿಂದ ಚಕ್ಕೆ ಏಳುತ್ತದೆ ನಿಜ. ಒಡೆದು ಹೋಗುವ ಜಾತಿ ನನ್ನದಲ್ಲ.

ಸಂತೆಯಿಂದ ನನ್ನನ್ನು ಕೊಂಡವಳು ಒಬ್ಬ ತಾಯಿ. ಮಗಳು ದೇಲುವಿನ ಮದುವೆಗೆಂದು ವರ್ಷವರ್ಷವೂ ಒಂದೊಂದು ಪಾತ್ರೆ ಕೂಡಿಡುತ್ತಿದ್ದಳು. ಈ ಊರಿನಲ್ಲಿ ಮದುಮಗಳ ಕೋಣೆಯ ಗೋಡೆಗೆ ಪಾತ್ರೆ ಪೇರಿಸುವ ಪದ್ಧತಿ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ, ನೆಲದಿಂದ ಸೂರಿನವರೆಗೆ. ಅವುಗಳಲ್ಲಿ ಯಾರೂ ಬೇಯಿಸುವುದಿಲ್ಲ, ಉಣ್ಣುವುದಿಲ್ಲ. ಸುಮ್ಮನೆ ನೋಡುವುದಕ್ಕೆ ಇಷ್ಟೆಲ್ಲ ಯಾಕೆ ಎಂದು ಗಂಡಸರು ನಗುತ್ತಾರೆ. ಹೆಂಗಸರು ನಗುವುದಿಲ್ಲ. ಆ ಪಾತ್ರೆಗಳನ್ನು ಗಂಡ ಮುಟ್ಟುವಂತಿಲ್ಲ. ಕಷ್ಟ ಬಂದಾಗ ಒಂದನ್ನು ಇಳಿಸಿ ಮಾರಬಹುದು. ಸಿಟ್ಟು ಮಾಡಿಕೊಂಡು ತವರಿಗೆ ಹೊರಟರೆ ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೊರಡಬಹುದು. ಮನೆಯಲ್ಲಿ ‘ಇದು ನನ್ನದು’ ಎಂದು ಅವಳು ಕೈಯಿಟ್ಟು ಹೇಳಬಹುದಾದ ವಸ್ತುಗಳು ನಾವೇ.

ನಾನು ಪೇರಿಕೆಯಲ್ಲಿ ಕೆಳಗಿನಿಂದ ಮೂರನೆಯವನೋ ಮೂರನೆಯವಳೋ, ನನಗೆ ತಿಳಿಯದು. ಅಲ್ಲಿಂದ ಹದಿನೆಂಟು ವರ್ಷ ಆ ಕೋಣೆಯನ್ನು ನೋಡಿದೆ.

ದೇಲುವಿನ ಗಂಡ ಗರ್ಬಾ ಟೋಪಿ ತೊಳೆಯುವವನು. ಕಾನೋ ಗಂಡಸರ ಕಸೂತಿ ಟೋಪಿಗಳನ್ನು ತೊಳೆದು, ಗಂಜಿ ಹಾಕಿ, ಮರದ ತಲೆಗಳ ಮೇಲೆ ಕೂರಿಸಿ ಒಣಗಿಸುವುದು ಅವನ ಕೆಲಸ. ಮುಂಬಾಗಿಲ ಪಡಸಾಲೆಯಲ್ಲಿ ಯಾವಾಗಲೂ ಇಪ್ಪತ್ತು ಮರದ ತಲೆಗಳು ಟೋಪಿ ಹಾಕಿಕೊಂಡು ಕೂತಿರುತ್ತಿದ್ದವು. ಒಳ್ಳೆಯ ಮನುಷ್ಯ. ಮಾತು ಮಾತ್ರ ಆ ತಲೆಗಳಷ್ಟೇ ಆಡುತ್ತಿದ್ದ.

ಮದುವೆಯ ಮರುವರ್ಷ ಒಂದು ಶನಿವಾರ ದೇಲುವಿಗೆ ಹೆಣ್ಣು ಹುಟ್ಟಿತು. ಶನಿವಾರ ಹುಟ್ಟಿದ ಹುಡುಗಿಗೆ ಅಲ್ಲಿ ಅಸಾಬೆ ಎನ್ನುತ್ತಾರೆ. ಚೊಚ್ಚಲ ಮಗು. ಇಲ್ಲಿ ನಾನು ಒಂದು ಮಾತು ಬಿಡಿಸಿ ಹೇಳಬೇಕು. ಹಳೆಯ ಮನೆಗಳಲ್ಲಿ ತಾಯಿಯಾದವಳು ಚೊಚ್ಚಲ ಮಗುವಿನ ಮೇಲೆ ಪ್ರೀತಿ ತೋರಿಸುವಂತಿಲ್ಲ. ಅದನ್ನು ಹೆಸರು ಹಿಡಿದು ಕರೆಯುವಂತಿಲ್ಲ. ನಾಲ್ಕು ಜನರ ಎದುರು ಎತ್ತಿ ಮುದ್ದಾಡಿದರೆ ‘ಎಂಥ ನಾಚಿಕೆಗೆಟ್ಟವಳು’ ಎನ್ನುತ್ತಾರೆ. ಇದಕ್ಕೆ ಅವರ ಮಾತಿನಲ್ಲಿ ‘ಕುನ್ಯಾ’ ಎಂದು ಹೆಸರು. ನಾಚಿಕೆ, ಸಂಕೋಚ, ಮರ್ಯಾದೆ ಮೂರೂ ಅದರಲ್ಲಿ ಸೇರಿವೆ. ಆಮೇಲೆ ಹುಟ್ಟಿದ ಮಕ್ಕಳಿಗೆ ಈ ಕಟ್ಟು ಇಲ್ಲ. ಚೊಚ್ಚಲಿಗೆ ಮಾತ್ರ.

ಮಗು ಅತ್ತಾಗ ದೇಲು ತಿರುಗಿ ನೋಡುತ್ತಿರಲಿಲ್ಲ. ಗರ್ಬಾನ ಅಕ್ಕ ಮೈರೋ ಬಂದು ಎತ್ತಿ ಮಡಿಲಿಗೆ ಹಾಕಿ ‘ತಗೋ, ಹಾಲು ಕೊಡು’ ಎಂದರೆ ಕೊಡುತ್ತಿದ್ದಳು, ಮುಖ ಗೋಡೆಯ ಕಡೆ ಮಾಡಿಕೊಂಡು. ಗೋಡೆಯ ಕಡೆ ಇದ್ದದ್ದು ನಾವು. ಆ ಮುಖದ ಮೇಲೆ ಏನಿತ್ತು ಎಂಬುದನ್ನು ನಾವು ಮಾತ್ರ ನೋಡಿದೆವು. ಎರಡು ವರ್ಷ ತುಂಬಿ ಹಾಲು ಬಿಡಿಸಿದ ದಿನ ಅಜ್ಜಿ, ಅಂದರೆ ದೇಲುವಿನ ತಾಯಿ, ಬಂದು ಅಸಾಬೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೋದಳು. ಚೊಚ್ಚಲ ಮಗು ಅಜ್ಜಿಯ ಮನೆಯಲ್ಲಿ ಬೆಳೆಯುವುದೂ ಪದ್ಧತಿಯೇ. ದೇಲು ಬಾಗಿಲವರೆಗೂ ಹೋಗಲಿಲ್ಲ. ನೆಲ ಗುಡಿಸಿದಳು. ಗುಡಿಸಿದ ನೆಲವನ್ನೇ ಇನ್ನೊಮ್ಮೆ ಗುಡಿಸಿದಳು.

ನಡುವೆ ಇಬ್ಬರು ಗಂಡುಮಕ್ಕಳಾದರು. ಆಮೇಲೆ ಒಂದು ಶುಕ್ರವಾರ ಜುಮ್ಮಾಯಿ ಹುಟ್ಟಿದಳು. ಅವಳನ್ನು ದೇಲು ಕರೆದದ್ದೇನು, ಬೈದದ್ದೇನು, ಮುದ್ದಾಡಿದ್ದೇನು! ದಿನಕ್ಕೆ ನೂರು ಸಲ ಆ ಹೆಸರು ಮನೆಯಲ್ಲಿ ಓಡಾಡುತ್ತಿತ್ತು.

ಜುಮ್ಮಾಯಿಗೆ ಹತ್ತು ತುಂಬಿದ ವರ್ಷ ದೇಲು ನನ್ನನ್ನು ಪೇರಿಕೆಯಿಂದ ಇಳಿಸಿದಳು. ನನ್ನ ಮೇಲಿದ್ದವರನ್ನೆಲ್ಲ ಒಂದೊಂದಾಗಿ ಕೆಳಗಿಟ್ಟು, ನನ್ನನ್ನು ಎಳೆದು, ಅವರನ್ನು ಮತ್ತೆ ಪೇರಿಸಿದಳು. ನನಗೆ ಅವಮಾನವಾಯಿತು ಎಂದು ಸುಳ್ಳು ಹೇಳಲಾರೆ. ಹದಿನೆಂಟು ವರ್ಷ ಧೂಳು ಒರೆಸಿಸಿಕೊಂಡು ಕೂತವರಿಗೆ ಬೀದಿ ನೋಡುವ ಆಸೆ ಇರುವುದಿಲ್ಲವೇ?

ಆ ಓಣಿಯ ಗೃಹಿಣಿಯರು ಮದುವೆ, ಹಬ್ಬ ಬಿಟ್ಟರೆ ಹಗಲು ಹೊತ್ತು ಹೊಸ್ತಿಲು ದಾಟುವುದಿಲ್ಲ. ಅವರ ದುಡಿಮೆ ದಾಟುತ್ತದೆ, ಹೆಣ್ಣುಮಗಳ ತಲೆಯ ಮೇಲೆ ಕೂತು. ದೇಲು ಬೆಳಗಿನ ಜಾವಕ್ಕೆ ಎದ್ದು, ನೆನೆಸಿದ ಅಲಸಂದೆಯ ಸಿಪ್ಪೆ ತಿಕ್ಕಿ, ರುಬ್ಬಿ, ಈರುಳ್ಳಿ ಹಾಕಿ ವಡೆ ಕರಿಯುತ್ತಿದ್ದಳು. ಬೇರೆಯವರ ವಡೆ ಎಣ್ಣೆ ಕುಡಿದು ಕೂರುತ್ತಿತ್ತು. ಇವಳದು ಉಬ್ಬಿ ನಿಲ್ಲುತ್ತಿತ್ತು. ಅವನ್ನು ನನ್ನೊಳಗೆ ಸಾಲಾಗಿ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ಖಾರದ ಪುಡಿಯ ಡಬ್ಬಿ ಇಟ್ಟು, ಜುಮ್ಮಾಯಿಯ ತಲೆಗೆ ಸಿಂಬೆ ಮಾಡಿ ನನ್ನನ್ನು ಕೂರಿಸುತ್ತಿದ್ದಳು.

‘ಅರವತ್ತು ಇದೆ. ಅರವತ್ತರಲ್ಲಿ ಆರು ವಡೆಯ ದುಡ್ಡು ನಿನ್ನದು. ಹುಷಾರು.’

‘ಹೂಂ’ ಎನ್ನುತ್ತಿದ್ದಳು ಜುಮ್ಮಾಯಿ. ತಲೆ ಆಡಿಸುವಂತಿರಲಿಲ್ಲವಲ್ಲ.

ವಸ್ತುಗಳೆಲ್ಲ ಮನುಷ್ಯರನ್ನು ಕೆಳಗಿನಿಂದ ನೋಡುತ್ತವೆ. ನಾನು ಕಾನೋವನ್ನು ಮೇಲಿನಿಂದ ನೋಡಿದೆ. ಟೋಪಿಗಳ ನೆತ್ತಿ, ಮುಸುಕುಗಳ ಮಡಿಕೆ, ಮೋಟಾರ್‌ಸೈಕಲ್ಲುಗಳ ಧೂಳು, ಮಣ್ಣಿನ ಗೋಡೆಗಳ ಮೇಲೆ ಒಣಹಾಕಿದ ಬಟ್ಟೆ. ಕೆಳಗೆ ಜುಮ್ಮಾಯಿಯ ಪುಟ್ಟ ಕತ್ತು ಗಟ್ಟಿಯಾಗಿ ನಿಂತು ನಡೆಯುತ್ತಿತ್ತು. ಒಂದು ದಿನವೂ ನನ್ನನ್ನು ಕೈಯಲ್ಲಿ ಹಿಡಿದುಕೊಂಡು ನಡೆದವಳಲ್ಲ.

‘ವಡೆ, ಬಿಸಿ ವಡೆ! ದೇಲು ಮಾಡಿದ ವಡೆ!’

ಟಯರ್ ಪಂಕ್ಚರ್ ಹಾಕುವ ಮುದುಕ ದಿನಾ ತಕರಾರು. ‘ನಿನ್ನೆಯದಕ್ಕೆ ಖಾರವೇ ಇರಲಿಲ್ಲ ಕಣೇ.’

‘ತಾತ, ನಿನ್ನೆ ನೀವು ಖಾರದ ಪುಡಿ ಕೇಳಿದ್ದು ಮೂರು ಸಲ. ಡಬ್ಬಿಯಲ್ಲಿದ್ದದ್ದೆಲ್ಲ ನಿಮ್ಮ ಹೊಟ್ಟೆಯಲ್ಲಿದೆ. ಅಲ್ಲಿ ಹುಡುಕಿ.’

ಸುತ್ತಲಿದ್ದವರು ನಗುತ್ತಿದ್ದರು. ಮುದುಕ ಇನ್ನೆರಡು ಕೊಳ್ಳುತ್ತಿದ್ದ.

ದಾರಿಯಲ್ಲಿ ಅಜ್ಜಿಯ ಮನೆ ಸಿಗುತ್ತಿತ್ತು. ಅಲ್ಲಿ ಅಸಾಬೆ ಬಾಗಿಲ ಒಳಗೆ ಕಾದು ನಿಂತಿರುತ್ತಿದ್ದಳು. ಹದಿನೇಳು ವರ್ಷ, ಎತ್ತರದ ಹುಡುಗಿ. ದುಡ್ಡು ಕೊಟ್ಟೇ ಒಂದು ವಡೆ ತೆಗೆದುಕೊಳ್ಳುತ್ತಿದ್ದಳು. ತಂಗಿ ಸುಮ್ಮನೆ ತಗೋ ಎಂದರೆ ಒಪ್ಪುತ್ತಿರಲಿಲ್ಲ. ಅದನ್ನು ಮುರಿದು, ಮೂಸಿ, ನಿಧಾನವಾಗಿ ತಿನ್ನುತ್ತಿದ್ದಳು. ಆ ವರ್ಷ ಅವಳ ಮದುವೆ ಗೊತ್ತಾಗಿತ್ತು. ಗಂಡು ದೂರದ ಕತ್ಸಿನಾ ಊರಿನವನು.

‘ಅಕ್ಕ, ನಿನಗೆ ಪಾತ್ರೆ ಎಲ್ಲ ಆಯ್ತಾ?’ ಎಂದಳು ಒಂದು ದಿನ ಜುಮ್ಮಾಯಿ.

‘ಆಯ್ತು. ಅಜ್ಜಿಯದು, ಮೈರೋ ಅತ್ತೆಯದು, ಚಿಕ್ಕಮ್ಮಂದಿರದು. ಗೋಡೆ ತುಂಬುತ್ತೆ.’ ಅಸಾಬೆ ಬೆರಳಿನ ಎಣ್ಣೆ ಒರೆಸಿಕೊಂಡಳು. ‘ನಿಮ್ಮ ಮನೆಯದು ಒಂದೂ ಇಲ್ಲ.’

‘ನಿಮ್ಮ ಮನೆ ಅಂದರೆ? ನಿನ್ನ ಮನೆ ಅಲ್ಲವಾ?’

‘ಜುಮ್ಮಾಯಿ, ನನ್ನ ಹೆಸರು ಅಮ್ಮನ ಬಾಯಲ್ಲಿ ಬಂದದ್ದು ನೀನು ಯಾವತ್ತಾದರೂ ಕೇಳಿದ್ದೀಯಾ?’

ಜುಮ್ಮಾಯಿ ಯೋಚಿಸಿದಳು. ‘ಇಲ್ಲ. ಆದರೆ ಚೊಚ್ಚಲು ಅಂದರೆ ಎಲ್ಲರ ಮನೇಲೂ ಹಾಗೇ ಅಲ್ಲವಾ?’

‘ಗೊತ್ತು. ಗೊತ್ತಿದ್ದರೆ ನೋಯಲ್ಲ ಅಂತ ನಿನಗೆ ಯಾರು ಹೇಳಿದ್ದು?’

ಜುಮ್ಮಾಯಿ ಅಲ್ಲಿಂದ ನೇರವಾಗಿ ಸಂತೆಗೆ ನಡೆದಳು. ಪಾತ್ರೆ ಅಂಗಡಿಯ ಇದಿ ಎಂಬ ವ್ಯಾಪಾರಿಯ ಹತ್ತಿರ ನನ್ನ ಕುಲದವರೇ ಇದ್ದರು. ಅವರಲ್ಲೊಂದು ಮುಚ್ಚಳವಿರುವ ಹೊಸ ಬೋಗುಣಿ. ಮೈತುಂಬ ಕೆಂಪು ಗುಲಾಬಿ, ಅಂಚಿಗೆ ಚಿನ್ನದ ಬಣ್ಣ. ಬೆಲೆ ಕೇಳಿ ಜುಮ್ಮಾಯಿಯ ಕತ್ತು ಮೊದಲ ಸಲ ಸ್ವಲ್ಪ ಅಲುಗಿತು.

‘ಇಟ್ಟಿರಿ. ಅಕ್ಕನ ಮದುವೆಗೆ. ಅರವತ್ತು ವಡೆಗೆ ಆರರ ದುಡ್ಡು ನನ್ನದು, ಸ್ವಲ್ಪ ಸ್ವಲ್ಪ ತಂದುಕೊಡುತ್ತೀನಿ.’

‘ಮದುವೆ ಯಾವಾಗ?’

‘ಇನ್ನು ಮೂರು ತಿಂಗಳು.’

‘ಅಷ್ಟರಲ್ಲಿ ಪೂರ್ತಿ ಕೊಡದಿದ್ದರೆ ಬೇರೆಯವರಿಗೆ ಹೋಗುತ್ತೆ. ನಿನ್ನ ದುಡ್ಡು ನಿನಗೆ ವಾಪಸ್ಸು. ಒಪ್ಪಿಗೆಯಾ?’

‘ಒಪ್ಪಿಗೆ.’

ಅಂದಿನಿಂದ ದಿನಾ ಅಂಗಡಿಯ ಮುಂದೆ ನಿಂತು ಅದನ್ನು ನೋಡುವುದು. ‘ಹೀಗೆ ದಿನಾ ನೋಡಿದರೆ ಬಣ್ಣ ಹೋಗುತ್ತೆ ಕಣಮ್ಮ’ ಎಂದು ಇದಿ ಗೇಲಿ ಮಾಡಿದರೆ, ‘ಹೋದರೆ ಬೆಲೆ ಇಳಿಸಿ’ ಎನ್ನುತ್ತಿದ್ದಳು.

ಇದಿಗೆ ಮಾತು ಕೊಟ್ಟ ದಿನವೇ ಮನೆಗೆ ಬಂದು ಅಮ್ಮನಿಗೂ ಹೇಳಿದ್ದಳು. ‘ಅಮ್ಮ, ನನ್ನ ಪಾಲಿನ ದುಡ್ಡೆಲ್ಲ ಕೂಡಿಸಿ ಅಕ್ಕನಿಗೆ ಗುಲಾಬಿ ಬೋಗುಣಿ ಕೊಡುತ್ತೀನಿ. ಅವಳಿಗೆ ನಮ್ಮ ಮನೆಯದು ಒಂದೂ ಇಲ್ಲವಂತೆ.’

ದೇಲು ಕೇಳಿಸದವಳಂತೆ ಎದ್ದು ಬಾಣಲೆ ಉಜ್ಜಿದಳು. ‘ಅಲಸಂದೆ ನೆನೆಹಾಕಬೇಕು’ ಎಂದಳು. ಅಷ್ಟೇ.

ಮರುದಿನ ನನ್ನ ಮೈಗೆ ವ್ಯತ್ಯಾಸ ಗೊತ್ತಾಯಿತು. ವಡೆ ಅರವತ್ತೆಂಟಿತ್ತು. ತಳದಲ್ಲಿ, ನವಿಲಿನ ಗರಿಯ ಮೇಲೆ, ಒಂದು ಸಾಲು ಹೆಚ್ಚು.

‘ಅರವತ್ತು ಇದೆ’ ಎಂದಳು ದೇಲು, ಎಂದಿನ ಹಾಗೆ. ‘ಅರವತ್ತರ ದುಡ್ಡು ತಂದರೆ ಸಾಕು.’

ಪಾಪದ ಹುಡುಗಿ! ಪ್ರಾಮಾಣಿಕತೆಯಲ್ಲಿ ಟೋಪಿ ತೊಳೆಯುವ ಅಪ್ಪನನ್ನೇ ಹೋಲುತ್ತಿದ್ದಳು. ಮಧ್ಯಾಹ್ನ ಬಂದವಳೇ ಚಾಪೆಯ ಮೇಲೆ ದುಡ್ಡು ಬಿಡಿಸಿಟ್ಟಳು. ‘ಅಮ್ಮ, ಎಂಟು ಹೆಚ್ಚಿತ್ತು. ತಪ್ಪಾಗಿ ಎಣಿಸಿದ್ದೀಯ.’

‘ಹೌದಾ’ ಎಂದಳು ದೇಲು.

ಮರುದಿನ ಎಂಟು. ಅದರ ಮರುದಿನ ಒಂಬತ್ತು. ಜುಮ್ಮಾಯಿ ದಿನಾ ತಂದು ಒಪ್ಪಿಸಿದಳು. ನಾಲ್ಕನೆಯ ದಿನ ಮಗಳಿಗೆ ಅಮ್ಮನ ಮೇಲೆ ಕನಿಕರ ಬಂತು. ಅಂಗಳದಿಂದ ಬೆಣಚುಕಲ್ಲು ಆರಿಸಿ ತಂದು, ಹತ್ತು ಹತ್ತರ ಗುಂಪು ಮಾಡಿ, ಅಮ್ಮನನ್ನು ಎದುರಿಗೆ ಕೂರಿಸಿಕೊಂಡಳು. ‘ನೋಡು, ಹತ್ತು ಆದ ತಕ್ಷಣ ಒಂದು ಕಲ್ಲು ಆ ಕಡೆ ಇಡು. ಆರು ಕಲ್ಲು ಆದಾಗ ನಿಲ್ಲಿಸು. ಗೊತ್ತಾಯ್ತಾ?’

ಹದಿನೆಂಟು ವರ್ಷದಿಂದ ಸೇರಿನ ಲೆಕ್ಕದಲ್ಲಿ ಅಲಸಂದೆ ಕೊಂಡು, ಎಣ್ಣೆ ಕೊಂಡು, ಒಬ್ಬರಿಗೂ ಮೋಸಹೋಗದ ದೇಲು ಆ ಕಲ್ಲುಗಳ ಮುಂದೆ ಕೂತು ಕಲಿತಳು. ಹೇಳಲಾರಳು, ಬಿಡಲಾರಳು. ಚೊಚ್ಚಲ ಮಗಳಿಗಾಗಿ ಎಂದು ಬಾಯಿಬಿಟ್ಟು ಹೇಳಲು ಅವಳ ನಾಲಗೆಗೆ ಅಭ್ಯಾಸವೇ ಇರಲಿಲ್ಲ.

ಐದನೆಯ ದಿನ ಮತ್ತೆ ಒಂಬತ್ತು. ಜುಮ್ಮಾಯಿ ಬಾಯಿ ತೆರೆಯುವ ಮೊದಲೇ ದೇಲು ಸಿಡಿದಳು. ‘ನನ್ನ ಎಣಿಕೆ ನನಗೆ ಬಿಡು! ನಾನು ಅರವತ್ತು ಅಂದರೆ ಅರವತ್ತು. ಹೆಚ್ಚಿದ್ದರೆ ನಿನ್ನದು. ಇನ್ನೊಂದು ಸಲ ತಂದು ಲೆಕ್ಕ ಹೇಳಿದರೆ ಸೌಟು ಬೀಳುತ್ತೆ ಬೆನ್ನಿಗೆ!’

ಜುಮ್ಮಾಯಿ ಬೆಚ್ಚಿದಳು. ಅಮ್ಮನಿಗೆ ವಯಸ್ಸಾಯಿತು, ಎಣಿಕೆ ಬರುವುದಿಲ್ಲ ಎಂದರೆ ಕೋಪವೂ ಬರುತ್ತದೆ ಎಂದು ತೀರ್ಮಾನಿಸಿದಳು. ಆಮೇಲಿನಿಂದ ಹೆಚ್ಚಿನ ದುಡ್ಡೂ ಮಣ್ಣಿನ ಗೋಲಕಕ್ಕೆ ಬಿತ್ತು. ವಾರಕ್ಕೊಮ್ಮೆ ಅದನ್ನು ಅಲ್ಲಾಡಿಸಿ ಖಾಲಿ ಮಾಡಿ ಇದಿಯ ಕೈಗೆ ಕೊಟ್ಟು ಬರುತ್ತಿದ್ದಳು.

ಮದುವೆಗೆ ಹದಿನೈದು ದಿನ ಇದ್ದಾಗ ನಾನು ಬಿದ್ದೆ. ಸಂತೆಯ ತಿರುವಿನಲ್ಲಿ ಒಂದು ಮೋಟಾರ್‌ಸೈಕಲ್ಲಿನ ಹಿಡಿ ಜುಮ್ಮಾಯಿಯ ಮೊಣಕೈಗೆ ತಾಗಿತು. ಅವಳು ಒಂದು ಕಡೆ, ನಾನೊಂದು ಕಡೆ, ವಡೆ ಧೂಳಿನಲ್ಲಿ. ಎಲ್ಲಿದ್ದವೋ, ಮೇಕೆಗಳು ಬಂದೇ ಬಿಟ್ಟವು. ನನ್ನ ಅಂಚಿನಲ್ಲಿ ಹೆಬ್ಬೆರಳಷ್ಟು ಅಗಲದ ಚಕ್ಕೆ ಎದ್ದು ಕಪ್ಪು ತಗಡು ಕಂಡಿತು. ಜುಮ್ಮಾಯಿ ಮೊದಲು ನನ್ನನ್ನು ಎತ್ತಿ ನೋಡಿದಳು, ಆಮೇಲೆ ತನ್ನ ಮೊಣಕಾಲನ್ನು. ಅಳಲಿಲ್ಲ. ಮೇಕೆಗಳಿಗೆ ಬೈದಳು. ಪಂಕ್ಚರ್ ಅಂಗಡಿಯ ಮುದುಕ ಓಡಿಬಂದು, ‘ಮೇಕೆ ತಿಂದದ್ದಕ್ಕೆ ಮೇಕೆಯ ಯಜಮಾನ ಕೊಡಲಿ’ ಎಂದು ಜಗಳಕ್ಕೆ ನಿಂತ. ಜಗಳದಿಂದ ಏನೂ ಬರಲಿಲ್ಲ. ಮನೆಗೆ ಹೋಗುವಾಗ ಮಾತ್ರ ಅವಳ ಉಸಿರು ಬಿಕ್ಕಳಿಸುವುದು ನನ್ನ ತಳಕ್ಕೆ ಗೊತ್ತಾಗುತ್ತಿತ್ತು.

‘ಇನ್ನು ಆಗಲ್ಲಮ್ಮ. ದಿನ ಇಲ್ಲ’ ಎಂದಳು ಹೊಸ್ತಿಲಲ್ಲೇ.

ದೇಲು ಮೊಣಕಾಲು ತೊಳೆದು ಬಟ್ಟೆ ಕಟ್ಟಿದಳು. ನಾಳೆಯ ಅಲಸಂದೆಯನ್ನು ಅಳೆಯುವಾಗ ಎರಡು ಪಟ್ಟು ಅಳೆದಳು. ‘ನಾಳೆಯಿಂದ ಎರಡು ಸುತ್ತು ಹೋಗು’ ಎಂದಳು. ಮರುದಿನದಿಂದ ಒಂದೊಂದು ಸುತ್ತಿನ ‘ಅರವತ್ತು’ ಎಂಬುದು ಎಂಬತ್ತಾಯಿತು, ಎಂಬತ್ತೈದಾಯಿತು. ಜುಮ್ಮಾಯಿ ಬಾಯಿ ಬಿಡಲಿಲ್ಲ. ಸೌಟಿನ ಭಯ.

ಪಾತ್ರೆಗಳನ್ನು ಎಲ್ಲರಿಗೂ ತೋರಿಸುವ ದಿನ ಬೆಳಿಗ್ಗೆ ಜುಮ್ಮಾಯಿ ಕೊನೆಯ ದುಡ್ಡು ಕೊಟ್ಟಳು. ಇದಿ ಗುಲಾಬಿ ಬೋಗುಣಿಯನ್ನು ಒರೆಸಿ ನನ್ನೊಳಗೆ ಇಟ್ಟ. ಅದರ ತಣ್ಣನೆಯ ಹೊಸ ತಳ ನನ್ನ ನವಿಲಿಗೆ ತಾಗಿತು.

‘ಶಭಾಷ್ ಹುಡುಗಿ’ ಎಂದ ಇದಿ. ‘ನಿಜ ಹೇಳಲಾ? ಅರವತ್ತಕ್ಕೆ ಆರು ಅಂತ ನೀನು ಹೇಳಿದಾಗ ನಾನು ಮನಸ್ಸಲ್ಲೇ ಲೆಕ್ಕ ಹಾಕಿದ್ದೆ. ಮೂರು ತಿಂಗಳಿಗೆ ನಿನಗೆ ಈ ಮುಚ್ಚಳ ಬಂದರೆ ಹೆಚ್ಚು ಅಂದುಕೊಂಡಿದ್ದೆ.’

ಜುಮ್ಮಾಯಿ ನನ್ನನ್ನು ತಲೆಗೆ ಏರಿಸಿಕೊಂಡಳು. ಅವಳ ತಲೆ ಬಿಸಿಯಾಗಿತ್ತು. ಬೆರಳು ಮಡಿಸಿ ಮಡಿಸಿ ಬಿಡಿಸುತ್ತಿದ್ದಳು. ದಾರಿಯ ಮಧ್ಯೆ ಒಂದು ಸಲ ಗಕ್ಕನೆ ನಿಂತಳು. ‘ಒಂದು ದಿನವೂ ಕಮ್ಮಿ ಇರಲಿಲ್ಲ’ ಎಂದು ತನಗೇ ಹೇಳಿಕೊಂಡಳು. ಎಣಿಸಲು ಬಾರದವರು ಒಮ್ಮೆ ಹೆಚ್ಚು ಹಾಕಿದರೆ ಒಮ್ಮೆ ಕಡಿಮೆ ಹಾಕಬೇಕಲ್ಲವೇ?

ಅಜ್ಜಿಯ ಅಂಗಳದಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ನಡುವೆ ಪಾತ್ರೆಗಳ ಸಾಲು. ಗೋಡೆಗೊರಗಿ ಮುಸುಕು ಹೊದ್ದು ಅಸಾಬೆ. ಹೆತ್ತ ತಾಯಿ ಅಲ್ಲಿಗೆ ಬರುವಂತಿಲ್ಲ. ತಾಯಿಯ ಜಾಗದಲ್ಲಿ ಮೈರೋ ಅತ್ತೆ ಕೂತಿದ್ದಳು. ಹಾಡುಗಾತಿ ಒಬ್ಬಳು ಒಂದೊಂದೇ ಪಾತ್ರೆ ಎತ್ತಿಹಿಡಿದು ಕೊಟ್ಟವರ ಹೆಸರು ಕೂಗುತ್ತಿದ್ದಳು. ಪ್ರತಿ ಹೆಸರಿಗೂ ಹೆಂಗಸರು ನಾಲಗೆ ಹೊರಳಿಸಿ ಉಲಿಯುತ್ತಿದ್ದರು.

ಗುಲಾಬಿ ಬೋಗುಣಿ ಮೇಲೆದ್ದಾಗ ಎಲ್ಲರೂ ‘ಆಹಾ’ ಎಂದರು.

‘ಇದು ಯಾರಿಂದ?’

ತಿಂಗಳುಗಟ್ಟಲೆ ಜುಮ್ಮಾಯಿ ಬೀದಿಯುದ್ದಕ್ಕೂ ಅಭ್ಯಾಸ ಮಾಡಿದ್ದ ಉತ್ತರ ನನಗೆ ಗೊತ್ತಿತ್ತು. ‘ತಂಗಿ ಜುಮ್ಮಾಯಿಯಿಂದ’ ಎನ್ನಬೇಕಿತ್ತು. ಅವಳು ಮುಸುಕಿನ ಕಡೆ ನೋಡಿದಳು.

‘ಅಮ್ಮನಿಂದ’ ಎಂದಳು.

‘ಯಾವ ಅಮ್ಮ? ಮೈರೋ ಅಮ್ಮನಾ?’

‘ಅಲ್ಲ. ದೇಲು. ಅಕ್ಕನ್ನ ಹೆತ್ತ ಅಮ್ಮ.’

ಉಲಿಯಲು ತೆರೆದ ಬಾಯಿಗಳು ಹಾಗೇ ನಿಂತವು. ಆಮೇಲೆ ಶುರುವಾಯಿತು. ‘ಅಯ್ಯೋ, ಚೊಚ್ಚಲಿಗೆ ಹೆತ್ತವಳೇ ಕೊಡೋದಾ? ಅದೂ ಕೂಗಿಸಿ?’ ‘ಇನ್ನೇನು, ನಾಳೆ ಮದುವೆಗೂ ಬಂದು ಕುಣಿದುಬಿಡುತ್ತಾಳೆ ಬಿಡು.’ ‘ಕುನ್ಯಾ ಅನ್ನೋದನ್ನ ವಡೆ ಜೊತೆ ಕರಿದು ಮಾರಿಬಿಟ್ಟಳು ಅನ್ನು!’

ಜುಮ್ಮಾಯಿಗೆ ಆಗ ತಿಳಿಯಿತು, ತಾನು ಅಮ್ಮನ ಮರ್ಯಾದೆಯನ್ನು ಅಂಗಳದಲ್ಲಿ ಹರವಿಟ್ಟೆ ಎಂದು. ಮುಖ ಬಾಡಿತು. ಮೈರೋ ಎದ್ದಳು.

‘ಹುಡುಗಿ ಬಾಯಿ ತಪ್ಪಿ ಅಂದಿದ್ದಾಳೆ. ನಾನು ಹೋಗಿ ದೇಲುವನ್ನೇ ಕೇಳಿ ಬರುತ್ತೀನಿ. ಇಲ್ಲ ಅಂದರೆ ಇದು ನನ್ನ ಹೆಸರಲ್ಲಿ ಹೋಗಲಿ. ಎಲ್ಲರ ಮಾನವೂ ಉಳಿಯುತ್ತೆ.’

ಮುಸುಕಿನೊಳಗಿಂದ ಅಸಾಬೆಯ ದನಿ ಬಂತು. ಮದುಮಗಳು ಮಾತಾಡಬಾರದು. ಆದರೂ ಬಂತು. ‘ಕೇಳಿ ಬನ್ನಿ ಅತ್ತೆ. ಅವಳು ಏನಂದಳೋ ಅದನ್ನೇ ಹೇಳಿ. ಸೇರಿಸಬೇಡಿ, ಬಿಡಬೇಡಿ.’

ಮೈರೋ ಮುಂದೆ, ನನ್ನನ್ನು ಹೊತ್ತ ಜುಮ್ಮಾಯಿ ಹಿಂದೆ. ನಾನೀಗ ಖಾಲಿ. ಅಷ್ಟು ಭಾರವಾಗಿ ನಾನು ಯಾವತ್ತೂ ಇರಲಿಲ್ಲ.

ದೇಲು ಒಲೆಯ ಹತ್ತಿರ ಅಲಸಂದೆಯ ಸಿಪ್ಪೆ ತಿಕ್ಕುತ್ತಿದ್ದಳು. ಮದುವೆಯ ದಿನಗಳಲ್ಲೂ ಕೈಗೆ ಕೆಲಸ ಬೇಕಲ್ಲ. ಮೈರೋ ನಡೆದದ್ದನ್ನೆಲ್ಲ ಹೇಳಿದಳು. ಅಕ್ಕರೆಯಿಂದಲೇ ಹೇಳಿದಳು ಎನ್ನಬೇಕು. ದಾರಿಯನ್ನೂ ತೋರಿಸಿದಳು. ‘ಮಗು ತಪ್ಪಾಗಿ ಹೇಳಿದೆ ಅನ್ನು ದೇಲು, ಸಾಕು. ಮಿಕ್ಕದ್ದು ನಾನು ನೋಡಿಕೊಳ್ಳುತ್ತೀನಿ.’

ದೇಲುವಿನ ಕೈ ನೀರಿನಲ್ಲೇ ಇತ್ತು. ಸಿಪ್ಪೆಗಳು ತೇಲಿ ಅಂಚಿಗೆ ಬಂದವು. ಜುಮ್ಮಾಯಿ ನನ್ನನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

‘ಅತ್ತಿಗೆ’ ಎಂದಳು ದೇಲು ಕೊನೆಗೆ, ‘ಜುಮ್ಮಾಯಿ ಎಣಿಕೆಯಲ್ಲಿ ತಪ್ಪುವವಳಲ್ಲ.’

‘ಅಂದರೆ?’

‘ಅಂದರೆ, ಮುಚ್ಚಳವನ್ನು ಬೇರೆ ಬಟ್ಟೆಯಲ್ಲಿ ಸುತ್ತಿ ಇಡೋಕೆ ಅಸಾಬೆಗೆ ಹೇಳಿ. ಕತ್ಸಿನಾ ದಾರಿಯಲ್ಲಿ ಲಾರಿ ಕುಲುಕುತ್ತೆ. ಒಂದಕ್ಕೊಂದು ತಾಗಿ ಚಕ್ಕೆ ಏಳಬಾರದು.’

ಹದಿನೇಳು ವರ್ಷದಲ್ಲಿ ಆ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ದೇಲುವಿನ ದನಿಯಲ್ಲಿ ಏನೂ ವಿಶೇಷವಿರಲಿಲ್ಲ. ಉಪ್ಪು ತಾ ಎಂದ ಹಾಗೆ ಹೇಳಿದ್ದಳು. ಹೇಳಿ ಮುಗಿಸಿ ಮತ್ತೆ ಅಲಸಂದೆ ತಿಕ್ಕತೊಡಗಿದಳು. ಕಿವಿ ಮಾತ್ರ ಕೆಂಪಾಗಿತ್ತು.

ಮೈರೋ ಮುಸುಕು ಸರಿಮಾಡಿಕೊಂಡು, ‘ಈಗೀಗ ನನಗೆ ಕಿವಿ ಅಷ್ಟು ಸರಿಯಾಗಿ ಕೇಳೋದಿಲ್ಲಪ್ಪ’ ಎಂದು ಗೋಡೆಗೆ ಹೇಳಿ ಹೊರಟಳು. ಹೋಗಿ ಅಸಾಬೆಗೆ ಹೇಳಿದಳಂತೆ, ಹೆಸರನ್ನೂ ಬಿಡದೆ, ಲಾರಿಯನ್ನೂ ಬಿಡದೆ. ಜುಮ್ಮಾಯಿ ಆಮೇಲೆ ನೋಡಿ ಬಂದು ಹೇಳಿದಳು: ಅಸಾಬೆ ತನ್ನ ಒಳ್ಳೆಯ ಮುಸುಕನ್ನೇ ಹರಿದು ಆ ಮುಚ್ಚಳ ಸುತ್ತಿದ್ದಳು.

ಓಣಿಯ ಹೆಂಗಸರು ಬಹಳ ದಿನ ಆಡಿಕೊಂಡರು. ಆಡಿಕೊಳ್ಳುತ್ತಲೇ ಮಕ್ಕಳನ್ನು ವಡೆ ತರಲು ಕಳಿಸಿದರು. ದೇಲು ಯಾರಿಗೂ ಉತ್ತರ ಕೊಡಲಿಲ್ಲ. ಅವಳ ವಡೆ ಉಬ್ಬುವುದನ್ನೂ ನಿಲ್ಲಿಸಲಿಲ್ಲ.

ನಾನು ಇನ್ನೂ ಆರು ವರ್ಷ ಜುಮ್ಮಾಯಿಯ ತಲೆಯ ಮೇಲಿದ್ದೆ. ಆಮೇಲೆ ಅವಳು ಮಧ್ಯಾಹ್ನದ ಶಾಲೆಯ ಓದು ಮುಗಿಸಿ ಟೀಚರ್ ತರಬೇತಿಗೆ ಸೇರಿದಳು. ಚಕ್ಕೆ ಎದ್ದ ಕಡೆಯಿಂದ ತುಕ್ಕು ಒಳಗೆ ಇಳಿಯಿತು. ತಳ ತೂತಾಯಿತು. ಬೀದಿಯಲ್ಲಿ ಬರುವ ಪಾತ್ರೆ ರಿಪೇರಿಯವನು ಒಂದು ತಗಡಿನ ತುಂಡು ಬಡಿದು ತೇಪೆ ಹಾಕಿದ. ನವಿಲಿನ ಅರ್ಧ ಗರಿ ಅದರಡಿಗೆ ಹೋಯಿತು. ತಿಂಡಿ ಇಡಲು ನಾನು ಲಾಯಕ್ಕಿಲ್ಲ ಎಂದು ಬಚ್ಚಲ ಮೂಲೆಗೆ ಬಂದೆ. ಅಲ್ಲಿ ತಣ್ಣಗಿದೆ. ಯೋಚಿಸಲು ಸಮಯವಿದೆ.

ಪ್ರೀತಿಯನ್ನು ಮುಚ್ಚಿಡಬೇಕೆಂಬ ಮಾತು ಸರಿಯೋ ತಪ್ಪೋ, ಒಂದು ಬೋಗುಣಿ ತೀರ್ಪು ಹೇಳಲಾರದು. ಆ ಹೆಂಗಸರು ಅದನ್ನು ಬದುಕಿದ್ದನ್ನು ನಾನು ಕಂಡಿದ್ದೇನೆ. ಮುಖದ ಮೇಲೆ ತೋರಿಸಬೇಡ ಎಂದರೆ ಅದು ಕೈಗೆ ಇಳಿಯುತ್ತದೆ, ಹಿಟ್ಟಿಗೆ ಇಳಿಯುತ್ತದೆ, ಎಣ್ಣೆಗೆ ಇಳಿಯುತ್ತದೆ. ಕೊನೆಗೆ ಯಾರೋ ಒಂದು ಮಗು ಅದನ್ನು ತಲೆಯ ಮೇಲೆ ಹೊತ್ತು ಮುಟ್ಟಿಸಬೇಕಾದ ಕಡೆ ಮುಟ್ಟಿಸಬೇಕು. ಆ ಹೊರೆಯ ಕೆಳಗೊಂದು ಪಾತ್ರೆಯಾಗಿದ್ದೆ ಎಂಬ ಹೆಮ್ಮೆ ನನಗಿದೆ. ಮುಚ್ಚಿಕೊಳ್ಳುವುದಿಲ್ಲ. ನನಗೆ ಕುನ್ಯಾ ಇಲ್ಲ.

ಹೋದ ತಿಂಗಳು ಅಸಾಬೆ ಕತ್ಸಿನಾದಿಂದ ಬಂದಳು. ಬೆನ್ನಿನ ಮೇಲೆ ಎರಡು ವರ್ಷದ ಹೆಣ್ಣುಮಗು. ಅವಳ ಚೊಚ್ಚಲು. ಮಂಗಳವಾರ ಹುಟ್ಟಿದ್ದರಿಂದ ತಲಾತು ಎಂದು ಹೆಸರು. ಮಗುವನ್ನು ತಮ್ಮ ಮನೆಯಲ್ಲೇ ಬೆಳೆಸುತ್ತೇವೆ ಎಂದು ಗಂಡನ ಕಡೆಯವರು ಕೇಳಿದ್ದರಂತೆ. ಅಸಾಬೆ ಒಪ್ಪಲಿಲ್ಲ. ಅರ್ಧ ದಿನ ಬಸ್ಸಿನಲ್ಲಿ ಕುಲುಕಿಕೊಂಡು ಬಂದು, ಬೆನ್ನಿನ ಗಂಟು ಬಿಚ್ಚಿ, ಮಗುವನ್ನು ದೇಲುವಿನ ಮುಂದೆ ಇಳಿಸಿದಳು.

‘ಇವಳು ಇಲ್ಲೇ ಇರಲಿ’ ಎಂದಳು. ಹೆಸರು ಹೇಳಲಿಲ್ಲ. ಹೇಳುವಂತಿಲ್ಲ. ಮಗುವಿಗೆ ಬೆನ್ನು ಮಾಡಿ ಚಾಪೆಯ ಮೇಲೆ ಕೂತು ಚೀಲದ ಬಟ್ಟೆ ಮಡಿಸತೊಡಗಿದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಅಜ್ಜಿಯರಿಗೆ ಈ ಕಟ್ಟುಪಾಡು ಯಾವುದೂ ಇಲ್ಲ. ದೇಲು ನನ್ನನ್ನು ಬಚ್ಚಲ ಮೂಲೆಯಿಂದ ಎಳೆದು ಅಂಗಳದ ಬಿಸಿಲಿಗೆ ಇಟ್ಟು, ಬೆಚ್ಚಗಿನ ನೀರು ಸುರಿದು, ಮಗುವನ್ನು ನನ್ನೊಳಗೆ ಕೂರಿಸಿದಳು. ತೇಪೆ ಚುಚ್ಚದಿರಲೆಂದು ಕೆಳಗೊಂದು ಬಟ್ಟೆ ಹಾಸಿದ್ದಳು. ‘ತಲಾತು! ನನ್ನ ತಲಾತು! ಯಾರ ಹೊಟ್ಟೆ ಇದು, ಯಾರ ಮೂಗು ಇದು?’ ಓಣಿಯ ಆ ತುದಿಗೂ ಕೇಳುವ ಹಾಗೆ ಕೂಗಿದಳು. ಒದ್ದೆ ಕೆನ್ನೆಗೆ ಮುತ್ತಿಟ್ಟಳು, ಕತ್ತಿಗಿಟ್ಟಳು, ಪಾದಕ್ಕಿಟ್ಟಳು. ಮಗು ನೀರು ಬಡಿದು ಕೇಕೆ ಹಾಕಿತು. ಅಸಾಬೆಯ ಬೆನ್ನು ಅಲುಗಲಿಲ್ಲ. ಬಟ್ಟೆ ಮಡಿಸುವ ಕೈ ಮಾತ್ರ ನಿಂತಿತ್ತು.

‘ನೋಡು ತಲಾತು’ ಎಂದಳು ದೇಲು, ಕಣ್ಣು ಮಿಟುಕಿಸಿ, ‘ನಿಮ್ಮಮ್ಮ ನಮ್ಮ ಕಡೆ ನೋಡೋದೇ ಇಲ್ಲ. ಈಗ ನಮಗೆ ಸೋಪು ಯಾರು ಕೊಡ್ತಾರೆ?’

ಅಸಾಬೆ ತಿರುಗಲಿಲ್ಲ. ಅವಳ ಕೈ ಚೀಲದೊಳಗೆ ಹೋಯಿತು. ಕಾಗದ ಬಿಚ್ಚಿದ ಸದ್ದಾಯಿತು. ಹೊಚ್ಚಹೊಸ ಸೋಪೊಂದು ಅವಳ ಬೆನ್ನ ಹಿಂದಿನಿಂದ, ತಡವರಿಸದೆ, ನನ್ನ ಅಂಚಿನ ತನಕ ಬಂತು.